ಮರಗಸಿ: ನಾನು ಬಿದ್ದ ಮೇಲೆ ಬದಲಾದದ್ದು

ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ಏಪ್ರಿಲ್, ಮೇ ಬಂತು ಅಂದರೆ ಮರಗಸಿ ಕೆಲಸ, ಅಂದರೆ ನೆರಳಿನ ಮರಗಳ ಕೊಂಬೆ ಕೊಯ್ಯುವುದು. ಮಳೆ ಹಿಡಿಯುವ ಮೊದಲು ನೆರಳು ಬಿಡಿಸದಿದ್ದರೆ ಗಿಡಕ್ಕೆ ಬೆಳಕು, ಗಾಳಿ ಸಾಲದು. ಕೊಳೆರೋಗವೂ ಜಾಸ್ತಿ. ಎಲ್ಲ ತೋಟದವರಿಗೂ ಒಂದೇ ಹೊತ್ತಿಗೆ ಜನ ಬೇಕು. ಆ ವರ್ಷ ನನಗೆ ಯಾರೂ ಸಿಗಲಿಲ್ಲ. ಒಂದು ಕೊಂಬೆ ತಾನೆ ಅಂತ ನಾನೇ ಏಣಿ ಹತ್ತಿದೆ.

ಕಣದ ಪಕ್ಕದ ಹಲಸಿನ ಮರ ಅದು. ಉದ್ದನೆಯ ಒಂದು ಕೊಂಬೆ ಕಣದ ಮೇಲೆ ಬಾಗಿತ್ತು. ಏಣಿಯನ್ನು ಆ ಕೊಂಬೆಗೇ ಒರಗಿಸಿದೆ. ಕೊಯ್ದದ್ದು ಏಣಿಯಿಂದ ಆಚೆಗೆ, ತುದಿಯ ಕಡೆಗೆ. ಬೀಳುವುದು ತುದಿ, ನಾನಿರುವುದು ಬುಡದ ಕಡೆ, ಇನ್ನೇನು ಭಯ ಅಂದುಕೊಂಡಿದ್ದೆ. ಹಸಿ ಸೊಪ್ಪಿನ ಭಾರ ಅಷ್ಟು ಹೊತ್ತೂ ಆ ಕೊಂಬೆಯನ್ನು ಕೆಳಕ್ಕೆ ಜಗ್ಗಿ ಹಿಡಿದಿತ್ತು. ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ. ತುದಿ ಕಳಚಿದ ಕೂಡಲೇ ಉಳಿದ ಮೋಟು ಮೇಲಕ್ಕೆ ಎದ್ದಿತು. ಏಣಿಯ ತಲೆಗೆ ಆಸರೆ ಇಲ್ಲದಾಯಿತು. ಹನ್ನೆರಡು ಅಡಿಯಿಂದ ಬಿದ್ದೆ. ಬಲಗಾಲಿನ ಹಿಮ್ಮಡಿ ಮೂಳೆ ಮುರಿಯಿತು. ಕೈಯಲ್ಲಿದ್ದದ್ದು ಕೈಗರಗಸ. ಮಷಿನ್ ಗರಗಸ ಇದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಮೂರು ತಿಂಗಳು ಜಗಲಿಯಲ್ಲೇ ಕೂತಿದ್ದೆ. ಆಗ ಒಂದು ಪ್ರಶ್ನೆ ಬಿಡದೆ ಕಾಡಿತು. ನನಗೆ ಗೊತ್ತಿರಲಿಲ್ಲ, ಬಿದ್ದೆ. ಆದರೆ ಇಪ್ಪತ್ತು ವರ್ಷ ಮರಗಸಿ ಮಾಡಿದವರು ಯಾಕೆ ಬೀಳುತ್ತಾರೆ? ಅವರಲ್ಲಿ ಯಾರೂ ಏಣಿಯನ್ನು ಹಾಗೆ ಇಡುವುದಿಲ್ಲ. ಭಾರ ಎಲ್ಲಿದೆ, ಕೊಂಬೆ ಯಾವ ಕಡೆ ತಿರುಗುತ್ತದೆ ಅನ್ನುವುದು ಅವರಿಗೆ ನೋಡಿದರೇ ಗೊತ್ತಾಗುತ್ತದೆ.

ಉತ್ತರ ನನ್ನ ಲೆಕ್ಕದ ಪುಸ್ತಕದಲ್ಲೇ ಇತ್ತು. ನಾನು ಕೆಲಸ ಕೊಡುತ್ತಿದ್ದದ್ದು ಮರದ ಲೆಕ್ಕದಲ್ಲಿ. ಮರಕ್ಕೆ ಇಷ್ಟು ಅಂತ ಗುತ್ತಿಗೆ. ಏಣಿಯ ತಲೆಯನ್ನು ಕಾಂಡಕ್ಕೆ ಕಟ್ಟಿ, ಸೊಂಟಕ್ಕೆ ಹಗ್ಗ ಹಾಕಿಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಬಿಚ್ಚಲು ಪ್ರತಿ ಮರಕ್ಕೂ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷಕ್ಕೆ ನಾನು ದುಡ್ಡು ಕೊಡುತ್ತಿರಲಿಲ್ಲ. ಕಟ್ಟಿಕೊಂಡವನಿಗೆ ಸಂಜೆ ಕೂಲಿ ಕಡಿಮೆ, ಕಟ್ಟದವನಿಗೆ ಜಾಸ್ತಿ. ಹಗ್ಗ ತಂದುಕೊಟ್ಟಿದ್ದೇನೆ, ಅವರೇ ಬಳಸುವುದಿಲ್ಲ ಅಂತ ನಾನೂ ಊರಲ್ಲಿ ಹೇಳಿಕೊಂಡು ತಿರುಗಿದ್ದೆ. ಅದು ನ್ಯಾಯದ ಮಾತಾಗಿರಲಿಲ್ಲ.

ಕರೆಂಟಿನ ಸಾವುಗಳ ಹಿಂದೆಯೂ ಇದೇ ಅವಸರ ಇರುತ್ತದೆ. ಅಲ್ಯೂಮಿನಿಯಂ ಏಣಿ ಹಗುರ, ಅದಕ್ಕೇ ಈಗ ಎಲ್ಲ ಕಡೆ ಅದೇ. ಮರದಿಂದ ಮರಕ್ಕೆ ಹೋಗುವಾಗ ಮಲಗಿಸಿ, ಮತ್ತೆ ಎತ್ತಿ ನಿಲ್ಲಿಸುವುದು ಹೊತ್ತು ಹಿಡಿಯುವ ಕೆಲಸ ಅಂತ ನಿಂತಿದ್ದಂತೆಯೇ ಎತ್ತಿಕೊಂಡು ನಡೆಯುತ್ತಾರೆ. ಕಣ್ಣು ನೆಲದ ಮೇಲಿರುತ್ತದೆ. ತಲೆಯ ಮೇಲೆ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರದ ಸೊಪ್ಪಿನ ನಡುವೆ 11 ಸಾವಿರ ವೋಲ್ಟ್ ಲೈನ್ ಹೋಗಿರುತ್ತದೆ. ನನಗೆ ಪರಿಚಯದ ಒಂದು ತೋಟದಲ್ಲಿ ಹೀಗೇ ಆಯಿತು. ಕರಿಮೆಣಸು ಕೊಯ್ಯುವ ಕಾಲ ಅದು. ಅನುಭವ ಇದ್ದ ಆಳು. ಹಿಡಿಯಲು ಓಡಿದ ಇನ್ನೊಬ್ಬನಿಗೂ ಶಾಕ್ ಹೊಡೆಯಿತು, ಅವನು ಬದುಕಿಕೊಂಡ. ಏಣಿಯೇ ತಾಗಬೇಕು ಅಂತಲೂ ಇಲ್ಲ. ಹಸಿ ಕೊಂಬೆ ಲೈನ್ ಮೇಲೆ ಬಿದ್ದರೂ ಕರೆಂಟು ಮರಕ್ಕೆ ಇಳಿಯುತ್ತದೆ.

ನಡೆಯಲು ಶುರು ಮಾಡಿದ ವರ್ಷವೇ ಗುತ್ತಿಗೆ ಬಿಟ್ಟೆ. ಈಗ ದಿನಗೂಲಿ. ಖರ್ಚು ಜಾಸ್ತಿಯೇ, ಇಲ್ಲ ಅನ್ನುವುದಿಲ್ಲ. ಕೆಲಸ ಶುರುವಾಗುವ ಹಿಂದಿನ ದಿನ ಮೇಸ್ತ್ರಿಯ ಜೊತೆ ತೋಟ ಸುತ್ತುತ್ತೇನೆ. ಲೈನ್ ಹತ್ತಿರದ ಮರಗಳಿಗೆ ಸುಣ್ಣದ ಪಟ್ಟೆ ಹಾಕುತ್ತೇವೆ. ಲೈನ್‌ಮನ್ ಬಂದು ಕರೆಂಟು ತೆಗೆದಿದ್ದೇನೆ ಅಂತ ಎದುರು ನಿಂತು ಹೇಳುವವರೆಗೆ ಪಟ್ಟೆ ಇರುವ ಮರವನ್ನು ಯಾರೂ ಹತ್ತುವುದಿಲ್ಲ. ಅಲ್ಲಿ ಬಿದಿರಿನ ಏಣಿ ಮಾತ್ರ, ಅದೂ ಒಣಗಿದ್ದು. ಹಸಿ ಬಿದಿರನ್ನು, ಮಳೆಯಲ್ಲಿ ನೆನೆದದ್ದನ್ನು ನಂಬುವ ಹಾಗಿಲ್ಲ.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿಂದ ಕೊಯ್ಯುವುದನ್ನೂ ನಿಲ್ಲಿಸಿದೆವು. ಮೊದಲು ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಕಾಲು ಭಾಗದಷ್ಟು ಕೊಯ್ತ. ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ. ಹೀಗೆ ಮಾಡಿದರೆ ಕೊಂಬೆ ಮುರಿದು ಬೀಳುವಾಗ ತೊಗಟೆ ಸೀಳಿಕೊಂಡು ಹತ್ತಿದವನ ಕಡೆ ತಿರುಗುವುದಿಲ್ಲ. ಕೊನೆಗೆ ಹಗುರಾದ ಮೋಟು. ಮಷಿನ್ ಗರಗಸ ಏಣಿಯ ಮೇಲೆ ಹೋಗುವುದೇ ಇಲ್ಲ. ಅದರ ಅಲಗಿನ ತುದಿಯ ಮೇಲಂಚು ಯಾವುದಕ್ಕಾದರೂ ತಾಗಿದರೆ ಮಷಿನ್ ಮುಖದ ಕಡೆ ಚಿಮ್ಮುತ್ತದೆ. ನೆಲದ ಮೇಲಾದರೆ ಕಾಲೂರಿ ಎರಡು ಕೈಯಲ್ಲಿ ಹಿಡಿಯಬಹುದು. ಏಣಿಯ ಮೇಲೆ ಒಂದು ಕೈ ಏಣಿಗೇ ಬೇಕು, ಅಲ್ವಾ?

ಮಳೆ ಬಂದ ಬೆಳಿಗ್ಗೆ ಕೆಲಸ ಇಲ್ಲ. ಪಾಚಿ ಹಿಡಿದ ಕಾಂಡ ಸೋಪಿನ ಹಾಗೆ ಜಾರುತ್ತದೆ. ಅಂಥ ದಿನ ಕಳೆ ಕೀಳುವ ಕೆಲಸ ಕೊಟ್ಟು ಅದೇ ಕೂಲಿ ಕೊಡುತ್ತೇನೆ.

ಈ ಸಲ ಮೇಸ್ತ್ರಿ ಕೆರೆ ಏರಿಯ ಹತ್ತಿರದ ಒಂದು ಹಳೇ ಸಿಲ್ವರ್ ಮರದ ಬುಡಕ್ಕೆ ಕತ್ತಿಯ ಹಿಂಬದಿಯಿಂದ ಬಡಿದು ನೋಡಿದರು. "ಅಣ್ಣ, ಇದು ಒಳಗೆ ಟೊಳ್ಳು. ನಾನಂತೂ ಹತ್ತಲ್ಲ, ಹುಡುಗರನ್ನೂ ಹತ್ತಿಸಲ್ಲ" ಅಂದರು. ಹಿಂದಾದರೆ ನಾನು ಏನಾದರೂ ಹೇಳಿ ಒಪ್ಪಿಸುತ್ತಿದ್ದೆ. "ಬಿಡಿ, ಮುಂದಿನ ಮರಕ್ಕೆ ಹೋಗೋಣ" ಅಂದೆ. ಆ ಮರ ಹಾಗೇ ನಿಂತಿದೆ. ಅದರ ಕೆಳಗಿನ ಹತ್ತು ಹನ್ನೆರಡು ಗಿಡಗಳಿಗೆ ಈ ವರ್ಷ ನೆರಳು ಜಾಸ್ತಿ.