ಔಷಧಿ ಹೆಚ್ಚು ಹೊಡೆದ ಹೊಲದಲ್ಲಿ ತೊಗರಿ ಏಕೆ ಕಡಿಮೆ?

ಜೇವರ್ಗಿ ತಾಲ್ಲೂಕಿನಲ್ಲಿ ಪಿಯು ಮಕ್ಕಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಎರಡು ವರ್ಷದ ಹಿಂದೆ, ತೊಗರಿ ರಾಶಿ ಮುಗಿದ ದಿನಗಳಲ್ಲಿ, ಸಹಸಂಬಂಧದ ಪಾಠ, ಅಂದರೆ ಎರಡು ಅಳತೆಗಳು ಒಂದರೊಡನೊಂದು ಹೇಗೆ ಏರಿಳಿಯುತ್ತವೆ ಎಂಬ ಪಾಠ, ಬಂದಿತು. ಪುಸ್ತಕದ ಅಂಕಿಗಳನ್ನು ಬದಿಗಿಟ್ಟು ಮಕ್ಕಳಿಗೆ ಎರಡೇ ಪ್ರಶ್ನೆ ಕೊಟ್ಟು ಮನೆಗೆ ಕಳಿಸಿದೆ: ತೊಗರಿಗೆ ಎಷ್ಟು ಸಲ ಔಷಧಿ ಹೊಡೆದಿರಿ? ಎಕರೆಗೆ ಎಷ್ಟು ಕ್ವಿಂಟಲ್ ಬಂದಿತು?

ಇಪ್ಪತ್ತಾರು ಹೊಲಗಳ ಲೆಕ್ಕ ಬಂದಿತು. ಗ್ರಾಫ್ ಹಾಳೆಯ ಅಡ್ಡಗೆರೆಯ ಮೇಲೆ ಔಷಧಿಯ ಸಲ, ನಿಲುಗೆರೆಯ ಮೇಲೆ ಇಳುವರಿ. ಒಂದು ಹೊಲಕ್ಕೆ ಒಂದು ಚುಕ್ಕೆ. ಒಂದು ಚುಕ್ಕೆ ಮಾತ್ರ ಹಾಳೆಯ ನೆತ್ತಿಯ ಮೇಲೆ ಒಂಟಿಯಾಗಿ ನಿಂತಿತ್ತು. ಕೇಳಿದರೆ, ಆ ಹುಡುಗಿ ನಾಲ್ಕು ಎಕರೆಯ 18 ಕ್ವಿಂಟಲನ್ನು ಭಾಗಿಸದೆ ಬರೆದಿದ್ದಳು. ನಾಲ್ಕೂವರೆಗೆ ತಿದ್ದಿದ ಕೂಡಲೇ ಚುಕ್ಕೆ ಗುಂಪಿಗೆ ಇಳಿಯಿತು. ಮೊದಲು ಚಿತ್ರ, ಆಮೇಲೆ ಸೂತ್ರ ಎಂದು ನಾನು ಹಟ ಹಿಡಿಯುವುದು ಇದಕ್ಕೇ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಆನ್‌ಸ್ಕೋಂಬ್ ನಾಲ್ಕು ಅಂಕಿಪಟ್ಟಿಗಳನ್ನು ಮುಂದಿಟ್ಟರು. ಎರಡು ಅಳತೆಗಳ ನಂಟು ಎಷ್ಟು ಗಟ್ಟಿ ಎಂದು ಹೇಳುವ ಸಹಸಂಬಂಧಾಂಕ ನಾಲ್ಕರದ್ದೂ ಸುಮಾರು 0.82. ಚುಕ್ಕೆ ಇಟ್ಟು ನೋಡಿದರೆ ಒಂದು ಓರೆಗೆರೆಯ ಸುತ್ತ ಹರಡಿದೆ, ಇನ್ನೊಂದು ಬಿಲ್ಲಿನಂತೆ ಬಾಗಿದೆ, ಮತ್ತೊಂದರಲ್ಲಿ ಒಂಟಿ ಚುಕ್ಕೆಯೊಂದೇ ಇಡೀ ಸಂಬಂಧವನ್ನು ಹುಟ್ಟಿಸಿದೆ.

ನಮ್ಮ ಚುಕ್ಕೆಗಳು ಎಡದಿಂದ ಬಲಕ್ಕೆ ಇಳಿಯುತ್ತಿದ್ದವು. ಔಷಧಿ ಹೆಚ್ಚಿದಷ್ಟೂ ಇಳುವರಿ ಕಡಿಮೆ. ‘ಸರ್, ಹಾಗಾದರೆ ಹೊಡೆಯುವುದನ್ನೇ ಬಿಡಬೇಕಲ್ಲವೇ?’ ಎಂದು ಒಬ್ಬ ಹುಡುಗ ಕೇಳಿದ. ಸಹಸಂಬಂಧವಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋದೆ. ಅದು ಉತ್ತರವೇ ಆಗಿರಲಿಲ್ಲ. ಕಾರಣ ಅದಲ್ಲದಿದ್ದರೆ ಮತ್ತೆ ಯಾವುದು ಎಂದು ಹುಡುಕದೆ ಬಿಡುವುದು ಮೇಷ್ಟ್ರಿಗೆ ಸಲ್ಲದು.

ಮರುದಿನ ಅವನೇ ತನ್ನ ಅಜ್ಜನ ಮಾತು ತಂದ: ‘ಹುಳು ಬಿದ್ದವನೇ ಪದೇ ಪದೇ ಹೊಡೆಯುವುದು. ಹುಳುವೇ ಇಲ್ಲದವನು ದುಡ್ಡು ಏಕೆ ಸುಡುತ್ತಾನೆ ಎಂದು ನಿಮ್ಮ ಮಾಸ್ತರರನ್ನು ಕೇಳು.’

ಕಾಯಿಕೊರಕ ಹುಳುವಿನ ಕಾಟ ಇಲ್ಲಿ ಎಲ್ಲರಿಗೂ ಗೊತ್ತು. ಹೂ, ಕಾಯಿ ಕಟ್ಟುವ ಹೊತ್ತಿಗೆ ಗಿಡದ ಬುಡಕ್ಕೆ ಬಟ್ಟೆ ಹಾಸಿ ಅಲುಗಾಡಿಸಿದರೆ ಹುಳುಗಳು ಪಟಪಟನೆ ಉದುರುತ್ತವೆ. ಆ ವರ್ಷ ಎಷ್ಟು ಉದುರಿದವು ಎಂದು ಮಕ್ಕಳಿಂದ ಮತ್ತೆ ಕೇಳಿಸಿದೆ. ಬಹಳ ಎಂದವರ ಹೊಲಕ್ಕೆ ಕೆಂಪು ಚುಕ್ಕೆ, ಸಾಧಾರಣಕ್ಕೆ ಹಸಿರು, ಕಡಿಮೆ ಎಂದವರಿಗೆ ನೀಲಿ. ಅದೇ ಹಾಳೆ, ಅದೇ ಚುಕ್ಕೆಗಳು. ನೀಲಿಯೆಲ್ಲ ಎಡಕ್ಕೆ ಮೇಲೆ, ಕೆಂಪೆಲ್ಲ ಬಲಕ್ಕೆ ಕೆಳಗೆ. ಕೆಂಪನ್ನಷ್ಟೇ ನೋಡಿದರೆ ಇಳಿಜಾರು ಕಾಣಲಿಲ್ಲ. ತುಸು ಏರಿದಂತೆಯೇ ಇತ್ತು. ಹುಳು ಒಂದು ಕಡೆ ಔಷಧಿಯ ಸಲವನ್ನು ಏರಿಸಿ, ಇನ್ನೊಂದು ಕಡೆ ಇಳುವರಿಯನ್ನು ಇಳಿಸಿತ್ತು. ಎರಡಕ್ಕೂ ಕೊಂಡಿಯಾಗಿದ್ದ ಅದಕ್ಕೆ ನಮ್ಮ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಹಾಗೆಂದು ಔಷಧಿಯಿಂದಲೇ ಇಳುವರಿ ಏರಿತು ಎನ್ನಲು ನಾನು ಒಪ್ಪಲಿಲ್ಲ. ಕೆಂಪು ಚುಕ್ಕೆಗಳು ಎಂಟೇ. ಎರೆ ಭೂಮಿ ಯಾರದು, ಬಿತ್ತನೆ ತಡವಾದದ್ದು ಯಾರದು, ಏನನ್ನೂ ಕೇಳಿರಲಿಲ್ಲ. ಕಾರಣ ತಿಳಿಯಬೇಕಾದರೆ ಒಂದೇ ಹೊಲದಲ್ಲಿ ಹೊಡೆದ ಪಟ್ಟಿ, ಹೊಡೆಯದ ಪಟ್ಟಿ ಎರಡೂ ಬೇಕು. ಯಾವುದು ಯಾವುದೆಂದು ಒಡೆಯ ಆರಿಸಬಾರದು, ಚೀಟಿ ಎತ್ತಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ 1920ರ ದಶಕದಲ್ಲಿ ಕಟ್ಟಿದ ಪದ್ಧತಿ ಇದು.

ಮುಂದಿನ ಹಂಗಾಮಿನಲ್ಲಿ ಆ ಅಜ್ಜ ಆರು ಜೋಡಿ ಪಟ್ಟಿ ಬಿಟ್ಟುಕೊಟ್ಟರು. ಪ್ರತಿ ಜೋಡಿಗೂ ಮೊಮ್ಮಗ ನಾಣ್ಯ ಚಿಮ್ಮಿದ. ರಾಶಿಯ ದಿನ ಹನ್ನೆರಡು ಚೀಲಗಳನ್ನು ಬೇರೆ ಬೇರೆಯಾಗಿ ತೂಗಿದೆವು. ಐದು ಜೋಡಿಗಳಲ್ಲಿ ಹೊಡೆದ ಪಟ್ಟಿಯ ತೂಕ ಹೆಚ್ಚು, ಒಂದರಲ್ಲಿ ಕಡಿಮೆ. ಹುಡುಗ ಹಿಗ್ಗಿದ. ಅಜ್ಜ ಮಾತ್ರ ಚೀಲಗಳನ್ನು ನೋಡುತ್ತಾ, ‘ಹೆಚ್ಚು ಬಂದದ್ದರಲ್ಲಿ ಔಷಧಿಯ ಖರ್ಚು ಹುಟ್ಟಿತೇ, ಅದನ್ನು ಹೇಳಿ’ ಎಂದರು. ಹುಡುಗ ಅಂಗಡಿಯ ರಸೀದಿ ತರಲು ಮನೆಯತ್ತ ಓಡಿದ.