ಕೈಯ ಸಣ್ಣ ಶಸ್ತ್ರಚಿಕಿತ್ಸೆ: ಸೋಂಕು ತಗುಲದಂತೆ ನೋಡಿಕೊಳ್ಳುವುದು ಹೇಗೆ?

ಮೂಡಿಗೆರೆ, ಕೊಪ್ಪದ ಕಡೆಯ ತೋಟಗಳಲ್ಲಿ ದುಡಿಯುವವರು ಮಡಚಿದ ಬೆರಳು ಸಿಕ್ಕಿಕೊಳ್ಳುವ ತೊಂದರೆಗೋ ಮಣಿಕಟ್ಟಿನ ನರದ ಒತ್ತಡಕ್ಕೋ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವಾಗ, ದೊಡ್ಡ ಆಪರೇಷನ್ ಥಿಯೇಟರ್ ಇಲ್ಲವೆಂದು ಅಂಜಬೇಕಿಲ್ಲ. ಸ್ಥಳೀಯ ಅರಿವಳಿಕೆ ಕೊಟ್ಟು ಇದನ್ನು ಪುಟ್ಟ ಕೊಠಡಿಯಲ್ಲಿಯೂ ಸುರಕ್ಷಿತವಾಗಿ ಮಾಡಬಹುದು. ಆದರೆ ಉಪಕರಣ, ಕೈಗವಸು, ಕೈಯ ಸುತ್ತ ಹಾಸುವ ಬಟ್ಟೆ ಇವೆಲ್ಲ ಕ್ರಿಮಿರಹಿತವಾಗಿರಲೇಬೇಕು, ಇದರಲ್ಲಿ ರಿಯಾಯಿತಿಯಿಲ್ಲ.

ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಬದುಕುಳಿಯುವುದರಿಂದ ಉಪಕರಣಗಳನ್ನು ಕುದಿಸಿದರೆ ಸಾಲದು. ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರದಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕನಿಷ್ಠ 15 ನಿಮಿಷ ಇರಿಸಬೇಕು. ಉಪಕರಣಗಳ ಪೊಟ್ಟಣಕ್ಕೆ ಅಂಟಿಸಿದ ಟೇಪಿನ ಮೇಲೆ ಕಪ್ಪು ಗೆರೆಗಳು ಮೂಡಿವೆಯೇ ಎಂದು ಸಂಕೋಚವಿಲ್ಲದೆ ಕೇಳಿ ನೋಡಿ. ಆ ಗೆರೆ ಪೊಟ್ಟಣಕ್ಕೆ ಬಿಸಿ ತಾಗಿದೆ ಎಂಬುದನ್ನಷ್ಟೇ ಹೇಳುತ್ತದೆ, ಹಾಗಾಗಿ ಗೆರೆ ಮೂಡಿದ್ದರೂ ಹರಿದ ಅಥವಾ ಒದ್ದೆಯಾದ ಪೊಟ್ಟಣವನ್ನು ಬಳಸಬಾರದು.

ಹೊರಡುವ ಮೊದಲು ಉಂಗುರ, ಬಳೆ ತೆಗೆದು, ಉಗುರು ಕತ್ತರಿಸಿ, ಉಗುರಿನ ಸಂದಿಯ ಮಣ್ಣು ಹೋಗುವಂತೆ ಸೋಪಿನಿಂದ ಕೈ ತೊಳೆಯಿರಿ. ಬ್ಲೇಡಿನಿಂದ ಕೂದಲು ಬೋಳಿಸಬೇಡಿ, ಕಣ್ಣಿಗೆ ಕಾಣದ ಗೀರುಗಳಲ್ಲಿ ಕ್ರಿಮಿ ಸೇರುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ತಿಳಿಸಿ.

ಹೊಲಿಗೆ ಬಿಚ್ಚುವವರೆಗೆ, ಅಂದರೆ ಸಾಮಾನ್ಯವಾಗಿ 10ರಿಂದ 14 ದಿನ, ಗೊಬ್ಬರ, ಸಗಣಿ ಮುಟ್ಟಬೇಡಿ. ಗಾಯಕ್ಕೆ ಅರಿಶಿನವನ್ನೋ ಕಾಫಿ ಪುಡಿಯನ್ನೋ ಮೆತ್ತಬೇಡಿ. ಮಲೆನಾಡಿನ ಮಳೆಗೆ ಬ್ಯಾಂಡೇಜು ನೆನೆದರೆ ಕೂಡಲೇ ಬದಲಾಯಿಸಿಕೊಳ್ಳಿ. ಕೆಂಪು ಹರಡಿದರೆ, ಕೀವು ಕಂಡರೆ, ಬೆರಳು ಚಾಚಲಾಗದಷ್ಟು ನೋವಾದರೆ ಅದೇ ದಿನ ವೈದ್ಯರ ಬಳಿ ಹೋಗಿ.