ಚುಚ್ಚದ ಕಾಲಿನ ಬಾವು ಮತ್ತು ಲಕ್ಕಿ ಸೊಪ್ಪು

"ಲಕ್ಕಿ ಸೊಪ್ಪಾ? ಬಾಣಂತಿ ನೀರಿಗೆ ಹಾಕೋಕೆ ಸರಿ ಬಿಡ್ರಿ" ಅಂತ, ಸಂಧಿವಾತದ ಇಲಿಗಳಿಗೆ ಅದನ್ನ ಕೊಟ್ಟು ನೋಡ್ತೀನಿ ಅಂದಾಗ ನಮ್ಮ ಡಿಪಾರ್ಟ್‌ಮೆಂಟಿನಲ್ಲೇ ನಕ್ಕಿದ್ದರು. ಅದಕ್ಕಿಂತ ಹೆಚ್ಚು ನಕ್ಕಿದ್ದು ನನ್ನ ಪ್ರೋಟೋಕಾಲ್ ನೋಡಿ. ಸಂಧಿವಾತ ಬರಿಸೋಕೆ ಇಲಿಯ ಒಂದು ಕಾಲಿಗೆ ಅಡ್ಜುವೆಂಟ್ ಅನ್ನೋ ದ್ರವ ಚುಚ್ಚಿದ ದಿನದಿಂದಲೇ ಔಷಧಿ ಕೊಟ್ಟರೆ ಗ್ರಾಫ್ ಚೆಂದ ಬರುತ್ತೆ, ಪೇಪರೂ ಆಗುತ್ತೆ. ನಾನು ಶುರು ಮಾಡಿದ್ದು 14ನೇ ದಿನ, ಚುಚ್ಚದ ಕಾಲೂ ಊದಿದ ಮೇಲೆ. ರೋಗಿಗಳು ಡಾಕ್ಟರ ಹತ್ತಿರ ಬರೋದು ಕೀಲು ಊದಿಕೊಂಡ ಮೇಲೇ ತಾನೆ?

ಮೊದಮೊದಲ ಬ್ಯಾಚ್‌ಗಳು ದಂಡ. ಸಾಕ್ಸ್‌ಲೆಟ್ ಅನ್ನೋ ಗಾಜಿನ ಉಪಕರಣದಲ್ಲಿ ಸೊಪ್ಪಿನ ಎಥನಾಲ್ ಸಾರ ತೆಗೆದು ಇಲಿಯ ತೂಕದ ಕೆಜಿಗೆ 400 ಮಿಲಿಗ್ರಾಂ ಕೊಟ್ಟೆ. ಇಲಿಗಳ ತೂಕ ಇಳಿಯಿತು, ಬಾವು ಇಳಿಯಲಿಲ್ಲ. ಅಷ್ಟರಲ್ಲಿ ಏಪ್ರಿಲ್. ದಾವಣಗೆರೆ ಬಿಸಿಲು ಗೊತ್ತಲ್ಲ, ಕರೆಂಟ್ ಹೋಗಿ ಎಸಿ ನಿಂತು ಔಷಧಿ ಕೊಡದ ಕಂಟ್ರೋಲ್ ಗುಂಪಿನಲ್ಲೇ ಇಲಿಗಳು ಸತ್ತವು. ವಿಸ್ಟಾರ್ ಇಲಿ ಒಂದಕ್ಕೆ 500 ಚಿಲ್ಲರೆ, ಅಡ್ಜುವೆಂಟ್ ವಯಲ್ ಬೇರೆ. ಎಲ್ಲ ಸೇರಿ 80–90 ಸಾವಿರ ಕೈಬಿಟ್ಟಿರಬೇಕು. ಕಾಲೇಜು ಕೊಟ್ಟದ್ದು ಅದರ ಕಾಲುಭಾಗ, ಉಳಿದದ್ದು ಸೊಸೈಟಿ ಸಾಲ.

ಹೊಸ ಇಲಿ ಬರೋವರೆಗೆ ಸುಮ್ಮನಿರಲಾರದೆ ಅಲ್ಬುಮಿನ್ ಪರೀಕ್ಷೆ ಮಾಡಿದೆ, ಅಂದ್ರೆ ಮೊಟ್ಟೆಯ ಬಿಳಿಯ ಪ್ರೋಟೀನ್ ಬಿಸಿಗೆ ಕೆಡೋದನ್ನ ಸೊಪ್ಪಿನ ಸಾರ ತಡೆಯುತ್ತಾ ಅಂತ ನೋಡೋದು. ತಂದ ಸೊಪ್ಪೆಲ್ಲ ಪಾಸ್. ಅನುಮಾನ ಬಂದು ಕ್ಯಾಂಟೀನ್ ಚಹಾಪುಡಿ ಕುದಿಸಿ ಹಾಕಿದೆ, ಅದೂ ಪಾಸ್! ಆಮೇಲೆ ಆ ಪರೀಕ್ಷೆಯ ಸಹವಾಸ ಬಿಟ್ಟೆ.

ಕೊನೆಗೆ ಹೊಳಲ್ಕೆರೆ ಕಡೆಯ ಹಳ್ಳದ ದಂಡೆಯಿಂದ ಹಸಿ ಸೊಪ್ಪು ತಂದು, ನೀರಲ್ಲಿ ಕುದಿಸಿ, ಕಾಲುಭಾಗಕ್ಕೆ ಬತ್ತಿಸಿ ಕೊಟ್ಟೆ. ಕುದಿಸೋ ಮುಂಚೆ ಸೊಪ್ಪಿಗೆ ಮಾಡೋ ಕೆಲಸವೊಂದಿದೆ. ಪೇಪರ್ ಅಚ್ಚಾಗೋವರೆಗೆ ಹೇಳಲ್ಲ. ಅಳತೆಗೆ ನಮ್ಮ ಹಳೇ ಪಾದರಸದ ಪ್ಲೆಥಿಸ್ಮೋಮೀಟರೇ ಸಾಕಾಯ್ತು, ಇಲಿಯ ಕಾಲನ್ನ ಪಾದರಸದಲ್ಲಿ ಅದ್ದಿ ಬಾವು ಅಳೆಯೋ ಸಾಧನ ಅದು. ಗಿಣ್ಣಿನ ಮೇಲೆ ಮಾರ್ಕರ್‌ನಲ್ಲಿ ಎಳೆದ ಗೆರೆ ಪಾದರಸಕ್ಕೆ ತಾಗಿದ ಕೂಡಲೇ ಕೈ ನಿಲ್ಲಬೇಕು. ಆ ಗೆರೆಯನ್ನ ಇಲಿ ರಾತ್ರಿಯೆಲ್ಲ ನೆಕ್ಕಿ ಅಳಿಸಿರುತ್ತೆ, ಪ್ರತಿ ಸಲ ಹೊಸದಾಗಿ ಎಳೀಬೇಕು. ಅದ್ದೋದು ಒಬ್ಬರದೇ ಕೈ ಆಗಿರಬೇಕು. ನಮ್ಮಲ್ಲಿ ಅದು ನನ್ನದೇ.

28ನೇ ದಿನಕ್ಕೆ ಚುಚ್ಚದ ಕಾಲಿನ ಬಾವು ಶೇಕಡಾ 40ರಷ್ಟು ಇಳಿದಿತ್ತು, ಬಾವು ಇಳಿಸೋ ಇಂಡೊಮೆಥಾಸಿನ್ ಔಷಧಿ ಕೊಟ್ಟ ಗುಂಪಿನಲ್ಲಿ 55ರ ಆಸುಪಾಸು. ನಕ್ಕಿದ್ದವರೇ ಈಗ ರೀಡಿಂಗ್ ಶೀಟ್ ಕೇಳ್ತಿದ್ದಾರೆ. ಎಕ್ಸ್‌ರೇಯಲ್ಲಿ ಮೂಳೆ ಸವೆತ ಮಾತ್ರ ಹಾಗೇ ಇತ್ತು. ಅದಕ್ಕೇ, ಸಂಧಿವಾತಕ್ಕೆ ಡಾಕ್ಟರು ಕೊಟ್ಟ ಮೆಥೊಟ್ರೆಕ್ಸೇಟ್ ಔಷಧಿ ಬಿಟ್ಟು ಈ ಕಷಾಯ ಕುಡೀಲಾ ಅಂತ ಕೇಳಿದ ಪಕ್ಕದ ಮನೆಯ ಅಕ್ಕನಿಗೆ ಬೇಡವೇ ಬೇಡ ಅಂದೆ. ಎರಡನ್ನೂ ಜೊತೆಗೆ ಕೊಟ್ಟರೆ ಇಲಿಯ ಲಿವರ್ ಏನನ್ನುತ್ತೆ ಅಂತ ಮೊದಲು ನೋಡಬೇಕು, ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿದ್ದೇನೆ.